ಸ್ಟುಡಿಯೋ ಕಾಕಾನ ಕೆಂಪು ಬಾಯಿ

ನಾನು ಮೊದಲು ನೋಡಿದ್ದು ಅವರ ಬಾಯಿಯನ್ನು, ಮುಖವನ್ನು ಆಮೇಲೆ. ಕೆಳಸಾಲಿನ ಹಲ್ಲುಗಳು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ್ದವು. ತುಟಿಯ ಎಡ ಮೂಲೆಯಲ್ಲಿ ಎಲೆಯಡಿಕೆಯ ರಸ ಒಣಗಿ ಗೆರೆಯಾಗಿ ನಿಂತಿತ್ತು. ಮಾತಾಡಿದಾಗಲೆಲ್ಲ ಆ ಗೆರೆ ಬಿರುಕು ಬಿಡುತ್ತಿತ್ತು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರುಗಳು ಉಗುರು, ಹಲ್ಲು, ಕರವಸ್ತ್ರ ನೋಡಿಯೇ ತರಗತಿಗೆ ಬಿಡುತ್ತಿದ್ದರು. ಆ ಕಣ್ಣು ನನಗೂ ಅಂಟಿಕೊಂಡಿದೆ. ಸೆರಗಿನಿಂದ ಮೂಗು ಮುಚ್ಚಿಕೊಂಡೇ ಅವರ ಸ್ಟುಡಿಯೋದ ಮೆಟ್ಟಿಲು ಹತ್ತಿದ್ದೆ.

ನನ್ನ ತವರೂರು ಹುಮನಾಬಾದಿನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿತ್ತು ಆ ಸ್ಟುಡಿಯೋ. ಎಲ್ಲರಿಗೂ ಅವರು ಸ್ಟುಡಿಯೋ ಕಾಕಾ. ನಮ್ಮ ಮನೆಯಿರುವ ಬಸವಕಲ್ಯಾಣದಲ್ಲಿ ಸ್ಟುಡಿಯೋಗಳಿಗೇನು ಬರವಿಲ್ಲ. ಆದರೆ ಅತ್ತೆ ನನ್ನನ್ನು ಅಡುಗೆಮನೆಗೆ ಕರೆದು, ದನಿ ತಗ್ಗಿಸಿ ಹೇಳಿದ್ದರು: “ಇಲ್ಲಿ ಮಾಡ್ಸಬ್ಯಾಡ, ಊರಿಗೆಲ್ಲ ಗೊತ್ತಾಗ್ತದ. ನಿನ್ನ ತವರಿಗಿ ಹೋಗಿ ಮಾಡ್ಸಿಕೊಂಡು ಬಾ.”

ಮಾಡಿಸಬೇಕಾಗಿದ್ದದ್ದು ನನ್ನ ನಾದಿನಿಯ ಫೋಟೊ. ಅವಳ ಕುತ್ತಿಗೆಯ ಮೇಲೆ ತೊಗರಿಕಾಳಿನಷ್ಟಗಲದ ಬಿಳಿ ಮಚ್ಚೆಗಳು ಮೂರು ಎದ್ದಿದ್ದವು. ಚಿಟಗುಪ್ಪದ ಒಂದು ಮನೆಯವರು ವರನಿಗೆ ತೋರಿಸಲು ಫೋಟೊ ಕೇಳಿದ್ದರು. ನನ್ನ ಫೋನಿನಲ್ಲಿ ಅವಳದೊಂದು ಒಳ್ಳೆಯ ಫೋಟೊ ಇತ್ತು. ಅಂಗಳದ ತುಳಸಿಯ ಪಕ್ಕ ನಗುತ್ತ ನಿಂತದ್ದು. ಮಾವನವರು ತೀರಿಹೋಗುವುದಕ್ಕೆ ಒಂದು ವಾರ ಮೊದಲು ನನ್ನ ಫೋನ್ ಇಸಿದುಕೊಂಡು ತಮ್ಮ ಕೈಯಾರೆ ತೆಗೆದಿದ್ದರು. ಅದರಲ್ಲಿ ಮಚ್ಚೆ ಕಾಣದಂತೆ ಮಾಡಿಸುವುದು ನನ್ನ ಕೆಲಸ.

ಕಾಕಾನ ಕಂಪ್ಯೂಟರಿನಲ್ಲಿ ಒತ್ತಲು ಚಿತ್ರಗಳಾಗಲಿ ಗುಂಡಿಗಳಾಗಲಿ ಇರಲಿಲ್ಲ. ಕಪ್ಪು ಪರದೆ, ಅದರ ಮೇಲೆ ಬಿಳಿ ಅಕ್ಷರಗಳು, ಅಷ್ಟೇ. ಎಡ ಅಂಗೈಯಲ್ಲಿ ತಂಬಾಕಿಗೆ ಸುಣ್ಣ ಬೆರೆಸಿಟ್ಟುಕೊಂಡು ಬಲಗೈಯ ಎರಡೇ ಬೆರಳಿನಲ್ಲಿ ಟೈಪು ಮಾಡುತ್ತಿದ್ದರು. ಕೀಲಿಗಳ ಮೇಲೆಲ್ಲ ಸುಣ್ಣದ ಚುಕ್ಕೆಗಳು, ಸಂದಿಯಲ್ಲಿ ಅಡಿಕೆ ಪುಡಿ. ನಾನು ಕುರ್ಚಿಯನ್ನು ಒಂದಡಿ ಹಿಂದಕ್ಕೆ ಎಳೆದುಕೊಂಡೆ.

“ಮೌಸ್ ಇಲ್ಲೇನ್ರಿ ಕಾಕಾ?”

“ಇತ್ತು. ಸುಣ್ಣದ ಕೈ ಹಚ್ಚಿ ಹಚ್ಚಿ ಸತ್ತು ಹೋಯ್ತು. ಬರದು ಹೇಳಿದ್ರ ಕೇಳೋ ಮಷೀನಿಗಿ ಬಟ್ಟು ಮಾಡಿ ಯಾಕ ತೋರಿಸ್ಬೇಕ್ರಿ ತಂಗೆವ್ವಾ?”

ನನ್ನ ಫೋನಿನಿಂದ ಇಳಿಸಿಕೊಂಡ ಫೋಟೊವನ್ನು ಪರದೆಯ ಮೇಲೆ ಹಿಗ್ಗಿಸಿ ಬಹಳ ಹೊತ್ತು ನೋಡಿದರು. “ಹುಡುಗಿ ಏನಂತಾಳ?”

“ಆಕಿಗಿ ಗೊತ್ತಿಲ್ರಿ.”

“ಥೂ,” ಎಂದು ಎದ್ದು ಹೋಗಿ ಹಿತ್ತಿಲಲ್ಲಿ ಉಗುಳಿ ಬಂದರು. ಆಮೇಲೆ ನನ್ನ ಕಡೆ ನೋಡಲೇ ಇಲ್ಲ.

ಕೆಲಸಕ್ಕೆ ಕೈಹಾಕುವ ಮೊದಲು ಅವರು ಆ ಫೋಟೊದ ಒಂದು ಪ್ರತಿ ತೆಗೆದು ‘ಅಸಲ್’ ಎಂಬ ಕಡತಕ್ಕೆ ಹಾಕಿದರು. ಮನೆತನದ ಹೆಸರು, ಊರು, ತಾರೀಕು ಸೇರಿಸಿ ಅದಕ್ಕೆ ಹೆಸರಿಟ್ಟರು. ಯಾರ ಫೋಟೊ ಬಂದರೂ ಅವರದು ಇದೇ ಪದ್ಧತಿ. ನಂತರ ಒಂದೇ ಒಂದು ಸಾಲು ಬರೆದು ಕೀಲಿ ಒತ್ತಿದರು. ಮಚ್ಚೆಗಳು ಹೋಗಿದ್ದವು.

“ಮಚ್ಚಿ ನಾ ಅಳಿಸಿಲ್ರಿ. ಸುತ್ತ ಇದ್ದದ್ದೆಲ್ಲ ಬೆಳ್ಳಗ ಮಾಡೀನಿ. ಅದು ತಾನೇ ಮುಳುಗ್ಯದ.”

ನಿಜ. ಹಣೆಯ ಕುಂಕುಮ ತೆಳು ಗುಲಾಬಿಯಾಗಿತ್ತು. ಮೂಗುತಿಯ ಹರಳು ಮೂಗಿನಲ್ಲೇ ಕರಗಿತ್ತು. ತುಳಸಿಯ ಎಲೆಗಳು ಬೂದಿ ಬಳಿದಂತಿದ್ದವು. ಮೈದಾಹಿಟ್ಟಿನಲ್ಲಿ ಹೊರಳಾಡಿಸಿ ತೆಗೆದಂಥ ಮುಖ. ಅತ್ತೆ ಮಾತ್ರ ಅದನ್ನು ಕಣ್ಣಿಗೊತ್ತಿಕೊಂಡು ತಮ್ಮ ಫೋನಿನಿಂದ ಚಿಟಗುಪ್ಪಕ್ಕೆ ಕಳಿಸಿದರು. ಹಳೆಯದು ಯಾರ ಕೈಗಾದರೂ ಸಿಕ್ಕೀತೆಂದು ತಮ್ಮೆದುರೇ ನನ್ನ ಫೋನಿನಿಂದ ಅಳಿಸಲು ಹೇಳಿದರು. ನಾನು ಅಳಿಸಿದೆ. ಎರಡನೆಯ ಸಲ ಯೋಚಿಸಲೂ ಇಲ್ಲ. ಇವತ್ತಿಗೂ ನನಗೆ ನನ್ನ ಬಗ್ಗೆ ವಾಕರಿಕೆ ಬರುವುದು ಅದಕ್ಕೇ.

ನಾಲ್ಕನೆಯ ದಿನ ನಾದಿನಿ ಅತ್ತೆಯ ಫೋನಿನಲ್ಲಿ ಆ ಫೋಟೊ ನೋಡಿದಳು. “ಇಕಿ ಯಾರು ವೈನಿ?” ಎಂದಳು. ನಾನು ಅವಳ ತಟ್ಟೆಗೆ ಸಾರು ಬಡಿಸಿದೆ. “ಅಪ್ಪ ತಗದಿದ್ದು ಎಲ್ಲದ?” ಅಳಿಸಿದ್ದನ್ನು ಹೇಳಿದೆ. ಅವಳು ಕಲಸಿದ್ದ ಅನ್ನವನ್ನು ತಟ್ಟೆಯಲ್ಲೇ ಬಿಟ್ಟು ಕೈ ತೊಳೆದಳು. ಮರುದಿನವೂ ಉಣ್ಣಲಿಲ್ಲ. ಅದರಾಚೆಯ ದಿನ ಅತ್ತೆಗೆ ಹೇಳದೆ ಅವಳನ್ನು ಹುಮನಾಬಾದಿನ ಬಸ್ಸು ಹತ್ತಿಸಿಕೊಂಡು ಹೊರಟೆ. ದಾರಿಯುದ್ದಕ್ಕೂ ಕಾಕಾ ಆ ಪ್ರತಿಯನ್ನು ಇನ್ನೂ ಉಳಿಸಿಟ್ಟಿರಲಿ ಎಂದು ಬೇಡಿಕೊಂಡೆ.

ಕಾಕಾ ನಮ್ಮನ್ನು ಕಂಡದ್ದೇ ಕಪ್ಪು ಪರದೆಯ ಮೇಲೆ ಹುಡುಕುವ ಆಜ್ಞೆ ಬರೆದು, ಮುಂದೆ ನಮ್ಮ ಮನೆತನದ ಹೆಸರು ಸೇರಿಸಿದರು. ಸಾವಿರಾರು ಫೋಟೊಗಳ ನಡುವಿನಿಂದ ಒಂದೇ ಸಾಲು ಹೊರಗೆ ಬಂತು. ಆ ಫೋಟೊ ತೆರೆದರು. ತುಳಸಿ ಹಸಿರಾಗಿತ್ತು. ಮೂರು ಮಚ್ಚೆಗಳೂ ಇದ್ದವು. ನೆಲದ ಮೇಲೆ ಉದ್ದಕ್ಕೆ ಬಿದ್ದ ಮಾವನವರ ನೆರಳು ಸಹ ಇತ್ತು. ಅದನ್ನು ನಾನು ಅಲ್ಲಿಯವರೆಗೆ ಗಮನಿಸಿಯೇ ಇರಲಿಲ್ಲ. ನಾದಿನಿ ಪರದೆಯ ಮೇಲಿನ ಆ ನೆರಳಿಗೆ ಬೆರಳಿಟ್ಟು ಅತ್ತಳು.

“ಅಳಬ್ಯಾಡವ್ವಾ,” ಎಂದರು ಕಾಕಾ. “ನಕಲಿ ಎಷ್ಟರ ಮಾಡ್ಲಿ ಮಂದಿ. ಅಸಲಿಗಿ ಕೈ ಹಚ್ಚಬಾರ್ದು, ಅಷ್ಟೇ.”

ಅವಳು ಅಲ್ಲೇ ಕುಳಿತು ಆ ಫೋಟೊವನ್ನು ಚಿಟಗುಪ್ಪದವರಿಗೆ ಕಳಿಸಿದಳು. ಕೆಳಗೆ ಬರೆದದ್ದು ಇಷ್ಟೇ: “ನಾ ಹಿಂಗ ಅದೀನ್ರಿ.” ಅವರು ಹೆಣ್ಣು ನೋಡಲು ಬರಲಿಲ್ಲ. ಅತ್ತೆ ದೀಪಾವಳಿಯವರೆಗೆ ನನ್ನ ಜೊತೆ ಮಾತಾಡಲಿಲ್ಲ. ನಾದಿನಿ ಈಗ ಮಂಠಾಳದ ಒಂದು ಶಾಲೆಯಲ್ಲಿ ಕಲಿಸುತ್ತಾಳೆ. ಕುತ್ತಿಗೆಗೆ ಸೆರಗು ಸುತ್ತಿಕೊಳ್ಳುವುದಿಲ್ಲ.

ಅದಾದ ಮೇಲೆ ತವರಿಗೆ ಹೋದಾಗಲೆಲ್ಲ ಗಂಡನ ಹಳೆಯ ಲ್ಯಾಪ್‌ಟಾಪ್ ಹಿಡಿದು ಕಾಕಾನ ಬಳಿ ಕುಳಿತೆ. ಮೊದಲು ಹುಡುಕುವುದನ್ನು ಕಲಿಸಿದರು, ಕತ್ತರಿಸುವುದನ್ನು ಕೊನೆಗೆ. “ಎಲ್ಲಿ ಅಂತ ಬರೀರಿ, ಏನ್ ಅಂತ ಬರೀರಿ. ನೆನಪಿಲ್ಲದ ಕಡಿ ಒಂದು ಚುಕ್ಕಿ, ಈ ನಕ್ಷತ್ರದ ಗುರುತು, ಹಾಕ್ರಿ, ಉಳಿದದ್ದು ಅದೇ ನೋಡ್ಕೋತದ.” ಹಳೆಯ ಹೆಸರಿಗೇ ಹೊಸದನ್ನು ಬರೆಯಹೋದರೆ ನನ್ನ ಕೈ ತಡೆಯುತ್ತಿದ್ದರು. “ಹೊಸಾ ಹೆಸರು ಕೊಡ್ರಿ! ಈ ಮಷೀನು ‘ಖರೇನ?’ ಅಂತ ಕೇಳಂಗಿಲ್ಲ. ಹಳೇದು ಖತಂ.” ಅಭ್ಯಾಸಕ್ಕೆಂದು ನಾನು ಅವರದೇ ಒಂದು ಫೋಟೊ ತೆಗೆದಿದ್ದೆ. “ಬಾಯಿ ಮುಚ್ಚಿಕೋರಿ ಕಾಕಾ, ಹಲ್ಲು ಕಾಣಾಕತ್ತಾವ,” ಎಂದದ್ದಕ್ಕೆ ಇನ್ನಷ್ಟು ದೊಡ್ಡದಾಗಿ ನಕ್ಕರು.

ಕಳೆದ ಚಳಿಗಾಲ ಅವರು ತೀರಿಕೊಂಡರು. ಐದನೆಯ ದಿನ ಹೋದಾಗ ಓಣಿಯ ಬಾಯಿಗೇ ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಬೇರೆ ಯಾವುದೋ ಅಂಗಡಿಯವರು ಮಾಡಿಕೊಟ್ಟದ್ದು. ಹಾಲಿನಂಥ ಮುಖ, ಮುತ್ತಿನಂಥ ಹಲ್ಲು. ಜನ್ಮದಲ್ಲಿ ತೊಡದ ಕೋಟು, ಟೈ. ಹಿಂದೆ ಯಾವ ಸೀಮೆಯದೋ ಜಲಪಾತ. ಒಳಗೆ ಹಾರ ಹಾಕಿಟ್ಟಿದ್ದ ಫೋಟೊವೂ ಅದೇ.  ಕೈ ಮುಗಿಯಲಾಗಲಿಲ್ಲ; ಮುಗಿಯುವುದು ಯಾರಿಗೆ?

ಬಸವಕಲ್ಯಾಣಕ್ಕೆ ಬಂದು ಲ್ಯಾಪ್‌ಟಾಪ್ ತೆರೆದೆ. ನಾನು ತೆಗೆದಿದ್ದ ಅವರ ಫೋಟೊವನ್ನು ಯಾವ ತಾರೀಕಿನಲ್ಲಿ ಇಟ್ಟಿದ್ದೆನೋ ಮರೆತಿತ್ತು. ‘ಕಾಕಾ’ ಎಂದು ಬರೆದು ಮುಂದೆ ಚುಕ್ಕಿ ಹಾಕಿದೆ. ಕಾಕಾನನ್ನು ನೋಡಿ ನಾನೂ ಮಾಡಿಕೊಂಡಿದ್ದ ‘ಅಸಲ್’ ಕಡತದಿಂದ ಬಂತು. ಏನೂ ತಿದ್ದದೆ ಅಚ್ಚು ಹಾಕಿಸಿ ಅವರ ಹೆಂಡತಿಗೆ ಒಯ್ದುಕೊಟ್ಟೆ.

ಕಾಕಿ ಅದನ್ನು ಬೆಳಕಿಗೆ ಹಿಡಿದರು. ತುಟಿಯ ಮೂಲೆಯ ಆ ಕೆಂಪು ಗೆರೆಯನ್ನು ಸೆರಗಿನಿಂದ ಒರೆಸಲು ಹೋಗಿ, ನಿಲ್ಲಿಸಿದರು.

“ಹೇಸಿ ಬಾಯಿ,” ಎಂದರು. “ನಲವತ್ತು ವರ್ಷ ಬೈದೀನಿ ಇದಕ.”

ಹಾರವನ್ನು ಆ ಬಿಳಿಯ ಮನುಷ್ಯನ ಕೊರಳಿನಿಂದ ತೆಗೆದು ಇದಕ್ಕೆ ಹಾಕಿದರು. ಆಗ ನಾನು ಕೈ ಮುಗಿದೆ. ಮೂಗು ಮುಚ್ಚಿಕೊಂಡಿರಲಿಲ್ಲ.