ಅಕ್ಕನ ಮೈಗೆ ಹಚ್ಚಿದ ಪಚೋಲಿ

ಪಚೋಲಿ ಅತ್ತರಿನ ಮಾತು ಬಂದರೆ ಇವತ್ತಿಗೂ ನನಗೆ ಮೈಯೆಲ್ಲ ಉರಿಯುತ್ತದೆ. ಅತ್ತರಿನದೇನೂ ತಪ್ಪಿಲ್ಲ, ಪಾಪ. ಎಲೆಯಿಂದ ಇಳಿಸಿದ ಎಣ್ಣೆ ಅದು. ನಮ್ಮ ಕಡೆ ಹೂವಿನ ದಂಡೆಯ ನಡುವೆ ಸೇರಿಸಿ ಕಟ್ಟುವ ಪಚ್ಚೆತೆನೆಯ ಜಾತಿಯದೇ. ಶೀಶೆಯಲ್ಲಿ ಹಳೇ ಜೇನುತುಪ್ಪದ ಹಾಗೆ ಕಂದಗೆ, ಮಂದಗೆ ಕೂತಿರುತ್ತದೆ. ನನ್ನ ಸಿಟ್ಟು ಅದರ ಮೇಲಲ್ಲ, ನಮ್ಮ ಮನೆಯವರ ಮೇಲೆ. ನನ್ನನ್ನೂ ಸೇರಿಸಿಯೇ ಹೇಳುತ್ತಿದ್ದೇನೆ.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ಅಪ್ಪ ದಾವಣಗೆರೆಯ ಹತ್ತಿ ಗಿರಣಿಯೊಂದರಲ್ಲಿ ಗುಮಾಸ್ತ. ಅಪ್ಪ, ಅವ್ವ, ಅಕ್ಕ, ನಾನು, ಇಷ್ಟೇ ಮನೆ. ಅಕ್ಕನಿಗೆ ಇಪ್ಪತ್ತೆರಡು, ನನಗೆ ಹದಿನೆಂಟು. ನಾನು ಅತ್ತು ಕರೆದು, ಎರಡು ದಿನ ಊಟ ಬಿಟ್ಟು ಕಾಲೇಜಿಗೆ ಸೇರಿದ್ದೆ. ನಮ್ಮ ಓಣಿಯಿಂದ ಕಾಲೇಜಿಗೆ ಹೋಗುತ್ತಿದ್ದ ಹುಡುಗಿ ನಾನೊಬ್ಬಳೇ. ಅಪ್ಪನಿಗೆ ಮನಸ್ಸಿರಲಿಲ್ಲ, ಬಿಡಿಸಲು ಒಂದು ನೆಪ ಸಿಕ್ಕಿದ್ದರೆ ಸಾಕಾಗಿತ್ತು.

ಆಗ ಅಕ್ಕನಿಗೆ ಹರಿಹರದಿಂದ ಒಂದು ಸಂಬಂಧ ಬಂತು. ಹುಡುಗ ಅಲ್ಲಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಲೋಕಿಕೆರೆಯ ಒಂದು ಮದುವೆಯಲ್ಲಿ ಅಕ್ಕ ಅವನನ್ನು ನೋಡಿದ್ದಳು. ಪಂಕ್ತಿಯಲ್ಲಿ ಬಡಿಸುತ್ತಿದ್ದವನು ಬೇಡ ಬೇಡ ಅಂದರೂ ಇವಳ ಎಲೆಗೆ ಎರಡು ಸಲ ಹೋಳಿಗೆ ಹಾಕಿದ್ದನಂತೆ. ಅದನ್ನು ಹೇಳುವಾಗ ಅವಳ ಮುಖ ನೋಡಬೇಕಿತ್ತು. ಈ ಮದುವೆ ಆಗಲಿ ಅಂತ ಅವಳು ಬಾಯಿಬಿಟ್ಟು ಹೇಳಲಿಲ್ಲ. ಆದರೆ ಅವರು ನೋಡಲು ಬರುವ ದಿನವನ್ನು ಬೆರಳು ಮಡಿಚಿ ಎಣಿಸುತ್ತಿದ್ದಳು.

ಅವರು ಬರುವ ಹಿಂದಿನ ದಿನ ಕಾಲೇಜಿನಿಂದ ಬರುತ್ತಾ ಪೇಟೆಯ ಅತ್ತರಿನ ಸಾಹೇಬರ ಅಂಗಡಿಗೆ ಹೋದೆ. ಸಾಹೇಬರು ಕಿವಿಯ ಮಡಿಕೆಯಲ್ಲಿ ಅತ್ತರಿನ ಹತ್ತಿ ಸಿಕ್ಕಿಸಿಕೊಂಡು ಕೂತಿದ್ದರು. ಅವರು ಶೀಶೆ ತೆಗೆಯಲು ಬಗ್ಗಿದಾಗ ಬಂದ ವಾಸನೆ ನನ್ನನ್ನು ಹಿಡಿದು ನಿಲ್ಲಿಸಿತು. ಗಂಧದ ಕೊರಡಿನಂಥದು, ಆದರೆ ಅದಕ್ಕಿಂತ ಬೆಚ್ಚಗೆ, ತಳದಲ್ಲಿ ಎಲ್ಲೋ ಬೆಲ್ಲದ ಪಾಕ. ಅದೇ ಬೇಕು ಅಂದೆ. ಅವರು ಪಚೋಲಿಯ ಶೀಶೆ ತೆಗೆದು ನನ್ನ ಮುಂಗೈಗೆ ಮುಟ್ಟಿಸಿದರು. ನಾನು ಮೂಗು ಹಿಂದಕ್ಕೆ ಎಳೆದುಕೊಂಡೆ. ಬೀಗ ಹಾಕಿಟ್ಟ ಟ್ರಂಕು, ಹಸಿ ಮಣ್ಣು, ಮೇಲಿಂದ ಮೂಗಿಗೆ ಹೊಡೆಯುವ ಕರ್ಪೂರ.

"ಶುರುವಿನಾಗೆ ಹಿಂಗೇ ಅಮ್ಮಾ," ಸಾಹೇಬರು ನಕ್ಕರು. "ನನ್ನ ಕಿವ್ಯಾಗಿಂದು ಮುಂಜಾನೆ ನಮಾಜಿಗೆ ಹಚ್ಚಿದ್ದು. ಇದಕ್ಕೆ ಸಬರ್ ಬೇಕು, ಕಾಯ್ಬೇಕು. ಮುಂಜಾನೆ ಒಂದೇ ಹನಿ ಹಚ್ರಿ, ಸಂಜಿಗೆ ಘಮ್ ಅಂತೈತೆ. ಒಬ್ಬೊಬ್ರ ಮೈಯಾಗೆ ಒಂದೊಂದು ಥರ ಬರ್ತೈತೆ, ನೋಡ್ರಿ ಬೇಕಾದ್ರೆ."

ಮನೆ ಮುಟ್ಟುವ ಹೊತ್ತಿಗೆ ಕರ್ಪೂರ ಹೋಗಿ ಮಣ್ಣಷ್ಟೇ ಉಳಿದಿತ್ತು. ದೀಪ ಹಚ್ಚುವ ಹೊತ್ತಿಗೆ ಮಣ್ಣೂ ಆರಿ, ನನ್ನ ಮುಂಗೈ ಸಾಹೇಬರ ಕಿವಿಯಷ್ಟೇ ಘಮಘಮ ಅನ್ನುತ್ತಿತ್ತು. ಅಪ್ಪನ ಕಣ್ಣು ತಪ್ಪಿಸಿ ಶೀಶೆಯನ್ನು ಅವ್ವನಿಗೆ ಕೊಟ್ಟೆ, ಬೆಳಿಗ್ಗೆಯೇ ಹಚ್ಚಬೇಕಂತೆ ಅಂತಲೂ ಹೇಳಿದೆ.

"ಬೆಳಿಗ್ಗೆ ಹಚ್ಚಿದ್ದು ಸಂಜಿತನ ಎಲ್ಲಿರ್ತೈತೆ? ಮುಡಿದ ಮಲ್ಲಿಗಿನೇ ಮಧ್ಯಾಹ್ನಕ್ಕೆ ಬಾಡ್ತೈತೆ," ಅಂದಳು ಅವ್ವ.

ಹುಟ್ಟಿದಾಗಿನಿಂದ ಮಲ್ಲಿಗೆ, ಸೇವಂತಿಗೆಗಳನ್ನೇ ಕಂಡವಳು ಅವಳು. ಹೂವೆಂದರೆ ಬಿಡಿಸಿದ ಗಳಿಗೆಯಲ್ಲೇ ಮುಡಿಯಬೇಕು. ಅತ್ತರನ್ನೂ ಹಾಗೇ ಅಂದುಕೊಂಡಳು. ಮರುದಿನ ನಾಲ್ಕು ಗಂಟೆಗೆ, ಸ್ಟೇಷನ್ನಿನಿಂದ ಬಂದ ಜಟಕಾ ಓಣಿಯ ಬಾಯಿಗೆ ತಿರುಗಿದ ಸದ್ದು ಕೇಳಿದ ಮೇಲೆ ಶೀಶೆಯ ಬಿರಡೆ ತೆಗೆದಳು. ಅಕ್ಕನ ಕುತ್ತಿಗೆಗೆ, ಎರಡೂ ಮುಂಗೈಗೆ, ಕಿವಿಯ ಹಿಂದೆ, ಸಾಲದು ಅಂತ ಜಡೆಯ ಬುಡಕ್ಕೂ ಹಚ್ಚಿದಳು. ನಾನು ಬೇಡ ಅಂದೆ. ಅವ್ವನ ಕೈ ಹಿಡಿದು ತಡೆಯಲಿಲ್ಲ.

ಹೆಣ್ಣು ನೋಡುವ ಶಾಸ್ತ್ರ ಅಂತ ಒಂದಿದೆಯಲ್ಲ, ಅದನ್ನು ನೆನೆದರೆ ಈಗಲೂ ಹಲ್ಲು ಕಡಿಯುವಂತಾಗುತ್ತದೆ. ಸಂತೆಯಲ್ಲಿ ಎಮ್ಮೆಯ ಹಲ್ಲು ನೋಡುವವರೂ ಅಷ್ಟು ಹತ್ತಿರ ಬರುವುದಿಲ್ಲ. ಹುಡುಗನ ತಾಯಿ ಅಕ್ಕನನ್ನು ಒತ್ತಿಗೇ ಕೂಡಿಸಿಕೊಂಡು ಕೈ ತಿರುವಿ ನೋಡಿದರು. ಕೂದಲು ಸ್ವಂತದ್ದೋ ಚೌರಿಯೋ ಅಂತ ಜಡೆ ಬಿಚ್ಚಿಸಿದರು. ಜಡೆ ಬಿಚ್ಚಿದ ಕೂಡಲೇ ಅವರ ಮೂಗಿನ ಹೊಳ್ಳೆ ಅರಳಿದ್ದನ್ನು ನಾನು ನೋಡಿದೆ. ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಆಚೆ ಸರಿದು ಕೂತರು. ಕೇಸರಿಬಾತು, ಮಂಡಕ್ಕಿ ತಿಂದು ಸಂಜೆಯ ಗಾಡಿಗೆ ಹೊರಟುಹೋದರು.

ಅವರು ಹರಿಹರ ಮುಟ್ಟಿರಬೇಕು, ಅಷ್ಟು ಹೊತ್ತಿಗೆ ಅಕ್ಕನ ಮೈಮೇಲೆ ಪಚೋಲಿ ಘಮಕ್ಕೆ ತಿರುಗಿತು. ನಡುಮನೆಯೆಲ್ಲ ತುಂಬಿತು. ನನ್ನ ಮುಂಗೈಯಲ್ಲಿ ಬೆಲ್ಲ ಹೆಚ್ಚಾಗಿತ್ತು, ಅವಳಲ್ಲಿ ಸಿಹಿ ಕಡಿಮೆ. ಬಿಸಿಲಿಗೆ ಒಣಗಿದ ಕಟ್ಟಿಗೆ, ಏಲಕ್ಕಿ ಸಿಪ್ಪೆ, ಇನ್ನೊಂದು ಏನೋ ನನಗೆ ಹೆಸರು ಗೊತ್ತಿಲ್ಲದ್ದು. ಅಷ್ಟು ಒಳ್ಳೆಯ ವಾಸನೆಯನ್ನು ನಾನು ಮತ್ತೆ ಯಾರ ಮೈಮೇಲೂ ಕಂಡಿಲ್ಲ.

"ಈಗ ನೋಡು, ಎಷ್ಟು ಚೆಂದ ಬಂತು," ಅಂದಳು ಅವ್ವ. ಅವಳನ್ನು ಹಿಡಿದು ಅಲುಗಾಡಿಸಬೇಕು ಅನ್ನಿಸಿತು.

ಎಂಟು ದಿನ ಕಳೆದ ಮೇಲೆ, ಈ ಸಂಬಂಧ ಕುದುರಿಸಲು ಓಡಾಡುತ್ತಿದ್ದ ಮುದುಕ ಬಂದು ಜಗಲಿಯ ಮೇಲೆ ಕೂತ. "ಹುಡುಗಿ ಲಕ್ಷಣವಾಗಿದಾಳೆ ಅಂದ್ರು. ಆದ್ರೆ ಮೈಯಾಗೆ ಏನೋ ನಾತ ಐತಂತೆ, ಹಸಿ ಗ್ವಾಡಿ ನಾತ. ಒಳಗೆ ಏನರೆ ಕಾಯಿಲೆ ಇರಬೋದು ಅಂತಾರೆ. ಬ್ಯಾಡ ಅಂದ್ರು," ಅಂದ.

ಆತ ಹೋದ ಮೇಲೆ ಅವ್ವ ಅಳುತ್ತಾ ಶೀಶೆ ತಂದು ಅಪ್ಪನ ಮುಂದಿಟ್ಟಳು. ಅದು ಅತ್ತರಿನ ವಾಸನೆ ಅಂತ ಹರಿಹರಕ್ಕೆ ಒಂದು ಕಾರ್ಡು ಬರೆದು ಹಾಕಿದ್ದರೆ ಮುಗಿಯುತ್ತಿತ್ತು. ಅಪ್ಪ ಬರೆಯಲಿಲ್ಲ.

"ಮೈನಾತ ಅಂದ್ರೆ ಅಂದ್ಕೊಳ್ಳಲಿ," ಅಂದರು. "ಮದುವಿ ಆಗದ ಮಗಳಿಗೆ ಅತ್ತರು ಹಚ್ಚಿ ಕೂಡಿಸಿದ್ರು ಅನ್ನೋದು ಬ್ಯಾಡ. ಅತ್ತರು ಎಂಥ ಹೆಂಗಸರು ಹಚ್ಕೊಂತಾರೆ ಗೊತ್ತೈತೇನು ನಿನಗೆ?"

ಇದನ್ನು ಹೇಳಿದ ಮನುಷ್ಯ ಮದುವೆಮನೆಗಳಲ್ಲಿ ಬಾಗಿಲ ಬಳಿ ನಿಂತು, ಅತ್ತರದಾನಿ ಹಿಡಿದವರ ಮುಂದೆ ಎರಡೂ ಕೈ ಚಾಚುತ್ತಿದ್ದವರು. ಮನೆಗೆ ಬಂದು ಮುಂಗೈ ಮೂಸಿಕೊಂಡು, ಭಾರಿ ಮದುವೆ ಅನ್ನುತ್ತಿದ್ದವರು. ಅವರ ಕೈಗೆ ಹಚ್ಚಿದರೆ ಮರ್ಯಾದೆ, ಮಗಳ ಕೈಗೆ ಹಚ್ಚಿದರೆ ಮಾನ ಹೋಗುತ್ತದೆ! ಆಮೇಲೆ ನನ್ನ ಕಡೆ ತಿರುಗಿ, "ಇದನ್ನ ಪ್ಯಾಟಿಂದ ತಂದೋರು ಯಾರು?" ಅಂದರು. "ನಾನೇ ತರಿಸಿದ್ದು," ಅಂದುಬಿಟ್ಟಳು ಅವ್ವ. ನಾನು ನೆಲ ನೋಡುತ್ತಾ ನಿಂತೆ. ಬಾಯಿ ಬಿಟ್ಟಿದ್ದರೆ ಮರುದಿನದಿಂದ ನನ್ನ ಕಾಲೇಜು ಬಂದಾಗುತ್ತಿತ್ತು.

ಮಾತು ಓಣಿಯಲ್ಲಿ ಹಬ್ಬಿತು. ಸಾರಥಿ ಅನ್ನುವ ಹಳ್ಳಿಯಿಂದ ಅಕ್ಕನನ್ನು ನೋಡಲು ಬರಬೇಕಿದ್ದವರು ಬರಲಿಲ್ಲ. ಅಕ್ಕ ದಿನಕ್ಕೆ ಮೂರು ಸಲ ಬಚ್ಚಲಿಗೆ ಹೋಗತೊಡಗಿದಳು. ಸೀಗೆಪುಡಿ, ಕಡಲೆಹಿಟ್ಟು, ಬೇವಿನ ಎಲೆ ಎಲ್ಲ ಹಾಕಿ ತಿಕ್ಕಿ ತಿಕ್ಕಿ ಕುತ್ತಿಗೆಯ ಚರ್ಮ ಕೆಂಪಗೆ ಸುಲಿದಿತ್ತು. ಅದು ಅತ್ತರಿನ ವಾಸನೆ, ನಿನ್ನದಲ್ಲ ಅಂತ ಎಷ್ಟು ಹೇಳಿದರೂ ಕೇಳಲಿಲ್ಲ. ಒಂದು ಭಾನುವಾರ ಇಬ್ಬರ ಮುಂಗೈಗೂ ಒಂದೊಂದು ಹನಿ ಹಚ್ಚಿ, ಕಾಯೋಣ ಬಾ ಅಂತ ಹಿತ್ತಲಲ್ಲಿ ಕೂಡಿಸಿದೆ. ಅರ್ಧ ಗಂಟೆಗೆ ನನ್ನದು ಸ್ವಲ್ಪ ತಿಳಿಯಾಯಿತು, ಅವಳದು ಇನ್ನೂ ಹಸಿಮಣ್ಣೇ.

"ನಿಂದು ಆಗ್ಲೇ ಚೆನ್ನಾಗಿ ಬಂತು, ನಂದು ನೋಡು," ಅಂದಳು. "ಮೈಯಾಗೆ ಇದ್ದಿದ್ದೇ ಬರ್ತೈತೆ ಬಿಡು."

"ಸಂಜಿತನ ತಡೆಯೇ" ಅಂದೆ. ಎದ್ದು ಹೋಗಿ ತೊಳೆದುಕೊಂಡಳು.

ಮೂರು ತಿಂಗಳು ಇದನ್ನೆಲ್ಲ ನೋಡುತ್ತಾ ಕಾಲೇಜಿಗೆ ಹೋಗಿಬಂದೆ. ಅಕ್ಕನ ಕುತ್ತಿಗೆ ಕೀವಾದ ದಿನ ತಡೆಯಲಾಗಲಿಲ್ಲ. ಕಾಲೇಜು ತಪ್ಪಿಸಿ ಹರಿಹರದ ಬಸ್ಸು ಹತ್ತಿದೆ. ಹೊಳೆಯ ಕಡೆಯ ಬೀದಿಯಲ್ಲಿ ಅವರ ಮನೆ. ಹುಡುಗನ ತಾಯಿ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಜಗಳಕ್ಕೆಂದೇ ಹೋಗಿದ್ದೆ. ನಿಂತ ಕಾಲಲ್ಲೇ ಎಲ್ಲ ಹೇಳಿದೆ.

ಅವರ ಕೈ ಮೊರದಲ್ಲೇ ನಿಂತಿತು. "ಪಚೋಲಿನಾ? ಅಯ್ಯೋ ಶಿವನೇ! ನಮ್ಮತ್ತಿ ರೇಷ್ಮಿ ಸೀರಿ ಪೆಟ್ಟಿಗ್ಯಾಗೆ ಆ ಎಲಿ ಇಡ್ತಿದ್ರು. ಒಂದು ಮಾತು ಹೇಳಿಕಳಿಸಬಾರದೇನಮ್ಮಾ? ಅದರ ಎಣ್ಣಿ ಮೈಗೆ ಹಚ್ತಾರೆ ಅಂತ ಹೊಳೀಲೇ ಇಲ್ಲ, ಕಾಯಿಲೆ ಅಂದ್ಕೊಂಡು ಹೆದರಿದೆ ನಾನು. ನನ್ನ ಮಗ ಮಾಡ್ಕೊಂಡ್ರೆ ಅದೇ ಹುಡುಗಿ ಅಂತ ಇಷ್ಟು ದಿನ ಹಟ ಹಿಡಿದಿದ್ದ. ಹೋದ ಸೋಮವಾರ ಕಡರನಾಯಕನಹಳ್ಳಿ ಹುಡುಗಿಗೆ ಹೂಂ ಅಂದ, ವೀಳ್ಯಶಾಸ್ತ್ರ ಆಗಿಹೋತು."

ಅತ್ತರು ಅಂದದ್ದಕ್ಕೆ ಅವರು ಮುಖ ಕೂಡ ಸಿಂಡರಿಸಲಿಲ್ಲ. ಜಗಳಕ್ಕೆ ಹೋದವಳಿಗೆ ಜಗಳ ಆಡಲು ಅಲ್ಲಿ ಯಾರೂ ಇರಲಿಲ್ಲ.

ಮನೆಗೆ ಬಂದು ಅಪ್ಪನ ಮುಂದೆ ನಿಂತು ಎಲ್ಲವನ್ನೂ ಹೇಳಿದೆ. "ಯಾರನ್ನ ಕೇಳಿ ಹೋದಿ?" ಅಂದರು. ಹುಟ್ಟಿದ ಮೇಲೆ ಮೊದಲ ಸಲ ಅವರ ಮೇಲೆ ಕೂಗಾಡಿದೆ. "ನೀವು ಒಂದು ಕಾರ್ಡು ಬರೀದಿದ್ದಕ್ಕೆ ಅಕ್ಕನ ಬಾಳು ಹೋತು. ನೀವು ಬಾಯಿ ಮುಚ್ಚಿಕೊಂಡು ಕೂತಿದ್ದಕ್ಕೆ ಹೋತು," ಅಂದೆ. ಅಪ್ಪ ತಲೆ ಎತ್ತಲಿಲ್ಲ. ಗೆದ್ದೆ ಅನ್ನಿಸಿತು.

ಅಕ್ಕ ಬಚ್ಚಲ ಬಾಗಿಲಲ್ಲಿ ಒದ್ದೆ ಕೈಯಲ್ಲಿ ನಿಂತು ಕೇಳಿಸಿಕೊಂಡಿದ್ದಳು.

"ವೀಳ್ಯ ಹೋದ ಸೋಮವಾರ ಆತು ಅಂದ್ರಾ?"

"ಹೂಂ."

"ಅದರ ಹಿಂದಿನ ಸೋಮವಾರ ಎಲ್ಲಿದ್ದಿ ನೀನು?"

ಕಾಲೇಜಿನಲ್ಲಿದ್ದೆ.