ಗಾಲಿ ಮಂಚದ ಸಂಸಾರ

ಪಶುವೈದ್ಯಕೀಯ ಓದುತ್ತಿದ್ದ ಆ ಹುಡುಗಿಗೆ ಕಾಲೇಜಿನಲ್ಲಿ ಒಳ್ಳೆಯ ಹೆಸರಿತ್ತು. ಹಸುವಿನ ಹೊಟ್ಟೆನೋವನ್ನು ಅದರ ಕಣ್ಣು ನೋಡಿಯೇ ಹೇಳುತ್ತಿದ್ದಳು. ನಾಯಿ ಬಾಲ ಮುದುರಿದ ರೀತಿಯಲ್ಲೇ ಅದಕ್ಕೆ ಭಯವೋ ಸಿಟ್ಟೋ ತಿಳಿದುಬಿಡುತ್ತಿತ್ತು. ಗಂಡ ಅವಳನ್ನು ಕರೆಯುತ್ತಿದ್ದುದೇ ‘ಡಾಕ್ಟ್ರೇ’ ಎಂದು. ಆದರೆ ಬಾಯಿ ಬಿಟ್ಟು ಮಾತಾಡಬಲ್ಲ ಆ ಗಂಡನ ಮನಸ್ಸಿನಲ್ಲಿ ಏನಿದೆ ಎಂಬುದು ಮಾತ್ರ ಡಾಕ್ಟರಿಗೆ ತಿಳಿಯಲಿಲ್ಲ. ಆ ಫಜೀತಿಯ ಕಥೆ ಇದು.

ಮದುವೆಯಾದಾಗ ಇಬ್ಬರೂ ಇನ್ನೂ ವಿದ್ಯಾರ್ಥಿಗಳೇ. ಅವನದು ಸಿವಿಲ್ ಎಂಜಿನಿಯರಿಂಗ್. ಹಾಸ್ಟೆಲ್ ಬಿಟ್ಟು ಹಿಡಿದ ಬಾಡಿಗೆ ಮನೆ ಹಳೆಯ ಕಟ್ಟಡವೊಂದರ ಮೂರನೇ ಮಹಡಿಯಲ್ಲಿತ್ತು. ಮನೆ ಎನ್ನುವುದು ದೊಡ್ಡ ಮಾತಾಯಿತು. ಒಂದು ಕೋಣೆ, ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ಬರಬೇಕಾದ ಅಡುಗೆಮನೆ, ಸದಾ ನೆಗಡಿ ಹಿಡಿದಂತೆ ಸೋರುವ ನಲ್ಲಿ. ಗೋಡೆಗೆ ಒರಗಿದರೆ ಸುಣ್ಣ ಬೆನ್ನಿಗೆ ಅಂಟಿಕೊಂಡು ಬರುತ್ತಿತ್ತು. ಕಿಟಕಿಯ ಚಿಲಕ ಯಾವ ಕಾಲದಲ್ಲೋ ಕಿತ್ತುಹೋಗಿ, ಅದರ ಜಾಗದಲ್ಲಿ ಯಾರೋ ತಂತಿ ಸುತ್ತಿದ್ದರು. “ಗಾಳಿ ಬೆಳಕು ಚೆನ್ನಾಗಿದೆ” ಎಂದಿದ್ದ ಮಾಲೀಕ, ಪಾಪ, ಹೊಗಳಲು ಬೇರೇನೂ ಸಿಗದೆ.

ಇಬ್ಬರೂ ಟೊಂಕ ಕಟ್ಟಿ ನಿಂತರು. ಪೇಂಟ್ ಅಂಗಡಿಯಲ್ಲಿ ಯಾರಿಗೂ ಬೇಡವಾಗಿದ್ದ ಡಬ್ಬಿಗಳನ್ನು ತಂದು ಬಳಿದರು. ಹಳದಿ ಅರ್ಧ ಗೋಡೆಗೇ ಮುಗಿದದ್ದರಿಂದ ಉಳಿದರ್ಧ ನೀಲಿಯಾಯಿತು. ಹಣ್ಣಿನ ಪೆಟ್ಟಿಗೆಗಳು ಪುಸ್ತಕದ ಕಪಾಟಾದವು. ಹಳೆಯ ಹೊದಿಕೆಯೊಂದು ಪರದೆಯ ಪಟ್ಟಕ್ಕೇರಿತು. ನೆಲ ಒರೆಸಿದರೆ ನೀರು ತಾನಾಗಿಯೇ ಹೊಸಿಲ ಕಡೆಗೆ ಹರಿದುಹೋಗುತ್ತಿತ್ತು. “ನೋಡು, ಈ ಮನೆಗೂ ಒಂದು ಒಳ್ಳೇ ಗುಣ ಇದೆ” ಎಂದು ಅವಳು ಮೆಚ್ಚಿಕೊಂಡಳು. ಅವನೂ ಹೌದೆಂದು ತಲೆಯಾಡಿಸಿದ. ನೀರು ಯಾಕೆ ಹಾಗೆ ಹರಿಯುತ್ತದೆ ಎಂದು ಕೇಳಿಕೊಳ್ಳಬೇಕಾದವನೇ ಅವನು, ಕೇಳಿಕೊಳ್ಳಲಿಲ್ಲ.

ಎಲ್ಲಕ್ಕಿಂತ ಕೊನೆಗೆ ಬಂದದ್ದು ಮಂಚ. ಗುಜರಿ ಅಂಗಡಿಯಲ್ಲಿ ಸಿಕ್ಕ ಕಬ್ಬಿಣದ ಜೋಡಿ ಮಂಚ, ನಾಲ್ಕು ಕಾಲಿಗೂ ಪುಟ್ಟ ಗಾಲಿ. “ಓಡಾಡಲ್ವಾ ಇದು?” ಎಂದು ಅವಳು ಕೇಳಿದ್ದಕ್ಕೆ ಅಂಗಡಿಯವನು, “ಗಾಲಿಗೆ ತುಕ್ಕು ಹಿಡಿದಿದೆ ಅಮ್ಮ, ಜಪ್ಪಯ್ಯ ಅಂದ್ರೂ ಕದಲಲ್ಲ” ಎಂದ. ಅವಳು ಅದನ್ನು ಕಿಟಕಿಯ ಕೆಳಗೇ ಹಾಕಿಸಿದಳು. ಅಲ್ಲಿ ಮಲಗಿದರೆ ಎದುರು ಕಟ್ಟಡದ ಮೇಲೆ ಆಕಾಶದ ಒಂದು ತುಂಡು ಕಾಣುತ್ತಿತ್ತು. ಇಡೀ ಮನೆಯಲ್ಲಿ ಅವಳು ತನ್ನದು ಎಂದುಕೊಂಡದ್ದು ಆ ಜಾಗವೊಂದನ್ನೇ.

ಮರುದಿನ ಎದ್ದಾಗ ಮಂಚ ಬಾಗಿಲ ಪಕ್ಕದಲ್ಲಿತ್ತು.

ಇಲ್ಲಿ ಅವರ ದಿನಚರಿ ಹೇಳದೆ ವಿಧಿಯಿಲ್ಲ. ಅವಳು ನಸುಕಿನಲ್ಲೇ ಎದ್ದು ಪ್ರಾಣಿಗಳ ಆಸ್ಪತ್ರೆಯಲ್ಲಿ ಬೋನು ತೊಳೆದು, ಅಲ್ಲಿಂದಲೇ ಕಾಲೇಜಿಗೆ ಹೋಗುವವಳು. ಅವನು ಕಾಲೇಜು ಮುಗಿಸಿ ಪೆಟ್ರೋಲ್ ಬಂಕಿನ ಕೆಲಸಕ್ಕೆ ಹೋದರೆ, ಮನೆಗೆ ಬರುವಷ್ಟರಲ್ಲಿ ಅವಳಿಗೆ ಗಾಢ ನಿದ್ದೆ. ಒಬ್ಬರು ಎಚ್ಚರವಿದ್ದಾಗ ಇನ್ನೊಬ್ಬರು ಗೊರಕೆ. ಹೀಗಿರುವಾಗ ಅವಳು ಲೆಕ್ಕ ಹಾಕಿದಳು: ತಾನು ಮಲಗುವಾಗ ಕಿಟಕಿಯ ಕೆಳಗಿದ್ದ ಮಂಚ ಏಳುವಾಗ ಬಾಗಿಲ ಬಳಿ ಇದೆ ಎಂದರೆ, ಆಮೇಲೆ ಬಂದವನು ಅದನ್ನು ನೂಕಿದ್ದಾನೆ, ತನ್ನ ಸಮೇತ. ಹೋಗಲಿ ಎಂದು ಸಂಜೆ ಮತ್ತೆ ಕಿಟಕಿಯ ಕೆಳಗೆ ತಳ್ಳಿದಳು. ಬೆಳಗಾದರೆ ಮತ್ತೆ ಬಾಗಿಲು.

ಜಗಳ ಆಡಿದ್ದರೆ ಅವತ್ತೇ ಮುಗಿದುಹೋಗುತ್ತಿತ್ತು. ಆದರೆ ಹೊಸ ಮದುವೆಯ ದಾಕ್ಷಿಣ್ಯ ಬಹಳ ಕೆಟ್ಟದ್ದು. ಒಮ್ಮೆ ಫೋನಿನಲ್ಲಿ ಸುತ್ತಿ ಬಳಸಿ ಕೇಳಿದಳು: “ಮಂಚ ಎಲ್ಲಿದ್ರೆ ನಿನಗೆ ಇಷ್ಟ?” “ನಿನಗೆ ಹೇಗೆ ಬೇಕೋ ಹಾಗೆ ಇಟ್ಕೋ” ಎಂದ, ಬಿಗಿದ ದನಿಯಲ್ಲಿ. ಬಾಯಲ್ಲಿ ಒಂದು, ಕೈಯಲ್ಲಿ ಒಂದು ಎಂದುಕೊಂಡಳು. ಆಮೇಲೆ ಅವಳಿಗೆ ಎಲ್ಲದರಲ್ಲೂ ಅವನ ಅಸಡ್ಡೆಯೇ ಕಾಣತೊಡಗಿತು. ಮುಚ್ಚಿಟ್ಟು ಮಲಗಿದ ಊಟ ಬೆಳಗ್ಗೆ ಅರ್ಧ ಹಾಗೇ ಉಳಿದಿರುತ್ತಿತ್ತು. ಕೈರುಚಿಯೂ ಹಿಡಿಸಲಿಲ್ಲವೇನೋ.

ಕೊನೆಗೆ ಹಳೆಯ ಹಾಸ್ಟೆಲಿನ ವಾರ್ಡನ್‌ಗೆ ಫೋನು ಮಾಡಿ, ವಾಪಸ್ಸು ಬರಬಹುದೇ ಎಂದು ಕೇಳಿದಳು. “ನಿನ್ನ ಜಾಗ ಖಾಲಿ ಇದೆ. ಭಾನುವಾರ ಸಂಜೆಯೊಳಗೆ ಹೇಳು, ಆಮೇಲೆ ಬೇರೆಯವರಿಗೆ ಕೊಡ್ತೀನಿ” ಎಂದರು ಅವರು. ಗಂಡನಿಗೆ ಈ ಸುದ್ದಿ ಹೇಳಲು ಅವಳಿಗೆ ಬಾಯಿ ಬರಲಿಲ್ಲ.

ಭಾನುವಾರ ಮಧ್ಯಾಹ್ನ ಅವನು ಯಾಕೋ ಬಂಕಿಗೆ ಹೋಗದೆ ಮನೆಯಲ್ಲೇ ಉಳಿದ. ಅವಳು ಆಗಲೇ ಕಿಟಕಿಯ ಕೆಳಗೆ ತಳ್ಳಿಟ್ಟಿದ್ದ ಮಂಚದ ಮೇಲೆ ಕೂತು ಚೀಲಕ್ಕೆ ಪುಸ್ತಕ ತುಂಬುತ್ತಿದ್ದಳು.

“ಎಲ್ಲಿಗೆ ಹೊರಟ್ರಿ ಡಾಕ್ಟ್ರೇ?”

“ಹಾಸ್ಟೆಲಿಗೆ. ಎಂಜಿನಿಯರ್ ಸಾಹೇಬ್ರು ಇನ್ಮೇಲೆ ಬಾಗಿಲ ಹತ್ರ ಆರಾಮಾಗಿ ಮಲ್ಕೊಳ್ಳಿ.”

ಅವಳ ಬಾಯಲ್ಲಿ ಬಹುವಚನ ಬಂದರೆ ಗ್ರಹಚಾರ ಕೆಟ್ಟಿದೆ ಎಂದು ಅವನಿಗೆ ಗೊತ್ತು.

“ಬಾಗಿಲ ಹತ್ರ ಹಾಕೋದು ನೀನು ತಾನೇ?” ಎಂದ.

“ನಾನಾ? ದಿನಾ ಸಂಜೆ ಸೊಂಟ ಮುರ್ಕೊಂಡು ಕಿಟಕಿ ಹತ್ರ ತಳ್ಳೋಳು ನಾನು. ನಾನು ಮಲಗಿರೋವಾಗ ವಾಪಸ್ಸು ನೂಕೋನು ನೀನು.”

“ನಾನು ಬಂದು ಕಿಟಕಿ ಕೆಳಗೇ ಮಲಗ್ತೀನಿ, ಬಿದ್ದ ಕೂಡಲೇ ನಿದ್ದೆ. ಎದ್ದಾಗ ನೋಡಿದ್ರೆ ಬಾಗಿಲಲ್ಲಿ ಇರ್ತೀನಿ. ನೀನು ಹೋಗೋ ಮುಂಚೆ ನನ್ನನ್ನ ಮಂಚದ ಸಮೇತ ಬಾಗಿಲಿಗೆ ತಳ್ತೀಯ ಅಂದ್ರೆ, ಆಚೆ ಹೋಗು ಅಂತ ತಾನೇ ಅರ್ಥ? ಎರಡು ವಾರದಿಂದ ಗಂಟಲಲ್ಲಿ ಊಟ ಇಳೀತಿಲ್ಲ ನನಗೆ.”

ಅವಳು ಕೈಯಲ್ಲಿದ್ದ ಪುಸ್ತಕ ಕೆಳಗಿಟ್ಟಳು. ಅವನು ಬಂದು ಅವಳ ಪಕ್ಕದಲ್ಲಿ ಧೊಪ್ಪನೆ ಕೂತ.

ಎಲ್ಲೋ ಕಿರ್ರೆಂದಿತು. ಮಂಚ ಒಂದು ಗೇಣು ಮುಂದೆ ಬಂತು. ಇಬ್ಬರೂ ಮಂಚದ ಅಂಚು ಹಿಡಿದುಕೊಂಡರು. ಮತ್ತೆ ಕಿರ್ರೆಂದು, ಮೇಯ್ದ ಹಸು ಕೊಟ್ಟಿಗೆಗೆ ಹೊರಟಷ್ಟು ನಿಧಾನವಾಗಿ, ಅದು ಇಬ್ಬರನ್ನೂ ಹೊತ್ತು ಬಾಗಿಲ ಕಡೆಗೆ ಸಾಗತೊಡಗಿತು. ಅವನು ಕೆಳಗೆ ಧುಮುಕಿದ. ಮಂಚ ನಿಂತಿತು. ಅವಳನ್ನು ಇಳಿಸಿ ತಾನೊಬ್ಬನೇ ಕೂತ. ಕದಲಲಿಲ್ಲ. ಅವಳೂ ಬಂದು ಕೂತಳು. ಕಿರ್ರ್. ಒಬ್ಬರ ಭಾರಕ್ಕೆ ಬಗ್ಗದ ತುಕ್ಕು ಇಬ್ಬರೂ ಸೇರಿದರೆ ಸೋಲುತ್ತಿತ್ತು. ನೆಲವೋ, ಕಿಟಕಿಯಿಂದ ಬಾಗಿಲವರೆಗೆ ಒಂದೇ ಇಳಿಜಾರು. ಅವರನ್ನು ದಿನವೂ ಬಾಗಿಲಿಗೆ ತಂದು ಬಿಟ್ಟದ್ದು ಅವನೂ ಅಲ್ಲ, ಅವಳೂ ಅಲ್ಲ.

“ನೀನು ಓದ್ತಿರೋದು ಸಿವಿಲ್ ಎಂಜಿನಿಯರಿಂಗ್ ತಾನೇ?” ಎಂದಳು ಅವಳು, ಮಂಚ ಬಾಗಿಲು ಮುಟ್ಟಿದ ಮೇಲೆ.

“ಇಳಿಜಾರಿನ ಪಾಠ ಮುಂದಿನ ವರ್ಷ ಇದೆ.”

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುವಿನ ನಡುವೆಯೇ ಅಳು ಬಂತು. ಹೊರಗೆ ಹೋಗು ಎನ್ನುತ್ತಿದ್ದಾಳೆ ಎಂದು ನಂಬಿದವನು, ಒಂದು ಮಾತೂ ಆಡದೆ, ಪ್ರತಿ ರಾತ್ರಿ ಬಂದು ಅವಳ ಪಕ್ಕದಲ್ಲೇ ಮಲಗಿದ್ದ. ತಾನಾದರೋ ಚೀಲ ಕಟ್ಟಿದ್ದಳು. ಅವನ ಮೇಲೆ ಹೇಳತೀರದ ಪ್ರೀತಿ ಉಕ್ಕಿತು, ತನ್ನ ಮೇಲೆ ನಾಚಿಕೆಯೂ ಆಯಿತು.

“ಇಟ್ಟಿಗೆ ತಂದು ಗಾಲಿಗೆ ಅಡ್ಡ ಇಡ್ತೀನಿ” ಎಂದು ಅವನು ಎದ್ದ.

“ಆಮೇಲೆ ತರುವಿಯಂತೆ. ಮೊದಲು ಊಟ ಮಾಡು.”

ಅವನು ಎರಡನೇ ಸಲ ಬಡಿಸಿಕೊಳ್ಳುತ್ತಿದ್ದಾಗ ವಾರ್ಡನ್ ಫೋನು ಬಂತು.

“ಏನಮ್ಮಾ, ಬರ್ತೀಯಾ ಹೇಗೆ?”

“ಇಲ್ಲ ಮೇಡಂ, ಬೇರೆಯವರಿಗೆ ಕೊಟ್ಬಿಡಿ.”

“ಮನೆಯೆಲ್ಲ ಸರಿಹೋಯ್ತಾ ಹಾಗಾದ್ರೆ?”

ಅವಳು ಒಮ್ಮೆ ಸುತ್ತ ನೋಡಿದಳು.

“ಮನೆ ಓರೆಯಾಗೇ ಇದೆ ಮೇಡಂ. ನಾವಿಬ್ರೂ ಇಲ್ಲೇ ಇರ್ತೀವಿ” ಎಂದಳು.