ಎರಡನೆಯ ಬಟ್ಟಲು

ನನ್ನ ಅವ್ವನಿಗೆ ಮೀನು ತಿನ್ನಿಸಿದವಳು ನಾನು. ಗೊತ್ತಿಲ್ಲದೆ ಅಲ್ಲ — ಗೊತ್ತಿದ್ದೇ. ಆಗ ನನಗೆ ಒಂಬತ್ತು ವರ್ಷ ಎಂದು ಹೇಳಿ ಪಾರಾಗಬಹುದು. ಎಷ್ಟೋ ಸಲ ಹಾಗೆ ನನಗೆ ನಾನೇ ಹೇಳಿಕೊಂಡದ್ದೂ ಉಂಟು. ಆದರೆ ಯಾವುದು ಸುಳ್ಳು, ಯಾವುದು ನಿಜ ಎನ್ನುವುದು ಒಂಬತ್ತು ವರ್ಷದ ಹುಡುಗಿಗೆ ಚೆನ್ನಾಗಿಯೇ ತಿಳಿದಿರುತ್ತದೆ.

ನಾವು ಕಾಗವಾಡದ ಜೈನರು. ದ್ರಾಕ್ಷಿ ತೋಟ, ಒಂದಿಷ್ಟು ಕಬ್ಬು, ಬೆಳಗಾದರೆ ಬಸದಿ. ಮಾಂಸದ ಮಾತು ಹಾಗಿರಲಿ, ಅವ್ವ ಉಳ್ಳಾಗಡ್ಡಿಯನ್ನೂ ಹೊಸ್ತಿಲೊಳಗೆ ಬಿಟ್ಟವಳಲ್ಲ. ನೀರನ್ನು ಸೋಸದೆ ಕುಡಿಯಳು, ಹೊತ್ತು ಮುಳುಗಿದ ಮೇಲೆ ತುತ್ತು ಬಾಯಿಗಿಡಳು. ಅಂಥವಳು ಜಪಾನಿಗೆ ಹೊರಟದ್ದು ಕಾಕಾನ ಹಟಕ್ಕೆ. ಕಾಕಾ ಎಂದರೆ ಅಪ್ಪನ ತಮ್ಮ. ಕೋಬೆ ಎಂಬ ಊರಿನಲ್ಲಿ ಒಬ್ಬ ಮುತ್ತಿನ ವ್ಯಾಪಾರಿಯ ಹತ್ತಿರ ಕೆಲಸಕ್ಕಿದ್ದ. ಎಂಬತ್ತರ ದಶಕದ ಒಂದು ಚಳಿಗಾಲ, ನಮ್ಮ ಮೂವರಿಗೂ ಟಿಕೆಟ್ ಕಳಿಸಿ, ನೀವು ಬರದಿದ್ದರೆ ನಾನು ಇನ್ನು ಊರಿಗೇ ಬರುವುದಿಲ್ಲ ಎಂದು ಕಾಗದ ಬರೆದ.

ಅವ್ವ ಹದಿನೈದು ದಿನದ ಊಟ ಕಟ್ಟಿಕೊಂಡೇ ವಿಮಾನ ಹತ್ತಿದಳು — ಅವಲಕ್ಕಿ ಚೂಡಾ, ದಶಮಿ ರೊಟ್ಟಿ, ಬೇಸನ್ ಉಂಡಿ, ನಮ್ಮದೇ ತೋಟದ ಒಣದ್ರಾಕ್ಷಿ. ಆ ಚೀಲವನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಅಲ್ಲಿ ಟ್ಯಾಕ್ಸಿಯ ಬಾಗಿಲು ತಾನಾಗಿಯೇ ತೆರೆದುಕೊಂಡಾಗ ಅವ್ವ ಅದಕ್ಕೆ ಕೈಮುಗಿದು ಒಳಗೆ ಕೂತಳು. ರೈಲಿನಲ್ಲಿ ಟಿಕೆಟ್ ನೋಡುವವನು ಟೊಪ್ಪಿಗೆ ತೆಗೆದು ಬಾಗಿದರೆ ಇವಳೂ ಎದ್ದು ನಿಂತು ಬಾಗುವಳು. ಅವನು ಮತ್ತೆ ಬಾಗುವನು, ಇವಳು ಮತ್ತೆ. ಅಪ್ಪ ಸೆರಗು ಹಿಡಿದು ಕೂರಿಸಬೇಕಾಗುತ್ತಿತ್ತು. ನಾನು ನಕ್ಕು ನಕ್ಕು ಸುಸ್ತಾಗುತ್ತಿದ್ದೆ. ಅವ್ವನನ್ನು ಅಷ್ಟು ಹಗುರಾಗಿ ನಾನು ಊರಿನಲ್ಲಿ ನೋಡಿಯೇ ಇರಲಿಲ್ಲ.

ನಾರಾ ಎಂಬ ಊರಿನಲ್ಲಿ ಜಿಂಕೆಗಳು ಮನುಷ್ಯರ ನಡುವೆಯೇ ತಿರುಗುತ್ತವೆ. ಅವುಗಳಿಗೆ ತಿನ್ನಿಸಲೆಂದೇ ಅಲ್ಲಿ ಬಿಸ್ಕೀಟು ಮಾರುತ್ತಾರೆ. ಹೊಟ್ಟೆ ತುಂಬಿದ ಜಿಂಕೆಗಳು ಅವು. ಒಂದು ಬಂದು ಅವ್ವನ ಮುಂದೆ ತಲೆ ಬಾಗಿಸಿತು. "ಹಸದಾವ ಪಾಪ, ಮೂಕ ಜೀವ," ಎಂದು ಅವ್ವ ಚೀಲ ಬಿಚ್ಚಿದಳು. ಅಪ್ಪ ಬೇಡವೆನ್ನುವಷ್ಟರಲ್ಲಿ ಹತ್ತಿಪ್ಪತ್ತು ಜಿಂಕೆಗಳು ಮುತ್ತಿಕೊಂಡು ಚೂಡಾ, ದಶಮಿ, ಉಂಡಿ ಎಲ್ಲ ಮುಗಿಸಿದವು. ಉಳಿದದ್ದು ಸೆರಗಿನ ಗಂಟಿನಲ್ಲಿದ್ದ ಒಣದ್ರಾಕ್ಷಿ ಮಾತ್ರ.

ಕಾಕಾನ ರಜೆ ಅಲ್ಲಿಗೆ ಮುಗಿಯಿತು. ಮುಂದೆ ನಾವು ಮೂವರೇ ಹಿಮದ ಬೆಟ್ಟ ನೋಡಲು ಹೊರಟೆವು. ಮಾಂಸ, ಮೀನು, ಮೊಟ್ಟೆ, ಈರುಳ್ಳಿ ಬೇಡ ಎಂದು ಅಲ್ಲಿನ ಲಿಪಿಯಲ್ಲಿ ಕಾಕಾ ಒಂದು ಚೀಟಿ ಬರೆದುಕೊಟ್ಟಿದ್ದ. ಅಪ್ಪ ಮತ್ತು ನಾನು ಅದನ್ನು ತೋರಿಸಿ ಬಿಳಿ ಅನ್ನ ತಿಂದೆವು. ಅವ್ವ ಮಾತ್ರ, ಯಾವ ಪಾತ್ರೆಯಲ್ಲಿ ಬೇಯಿಸಿದ್ದೋ ಎಂದು, ಮೂರು ದಿನ ಬಾಳೆಹಣ್ಣು, ನಾಲ್ಕು ಒಣದ್ರಾಕ್ಷಿಯ ಮೇಲೆಯೇ ಇದ್ದಳು. ಮೂರನೆಯ ದಿನ ರೈಲಿನಿಂದ ಇಳಿಯುವಾಗ ಕಣ್ಣಿಗೆ ಕತ್ತಲೆ ಕವಿದು ಕಂಬ ಹಿಡಿದು ನಿಂತಳು. ಅಪ್ಪ ಹೆದರಿದ್ದ, ಹಾಗಾಗಿ ಸಿಟ್ಟಿನಿಂದಲೇ ಮಾತಾಡಿದ.

"ಇವತ್ತ ಆಕಿ ಏನರ ತಿನ್ಲಿಲ್ಲಂದ್ರ ನಾಳೆ ಬರ್ಫ ಗಿರ್ಫ ಏನೂ ಇಲ್ಲ. ತಿರುಗಿ ಕೋಬೆಗೆ ಹೋಗೂದ."

ಈ ಮಾತನ್ನು ನಾನು ಮರೆತಿಲ್ಲ. ಹಿಮವನ್ನು ಕೈಯಲ್ಲಿ ಹಿಡಿದು ಬರುತ್ತೇನೆಂದು ಶಾಲೆಯಲ್ಲೆಲ್ಲ ಹೇಳಿ ಬಂದಿದ್ದೆ ನಾನು...

ಅಪ್ಪ ಮರುದಿನದ ರೈಲು ವಿಚಾರಿಸಲು ಹೋದ. ನಾನು, ಅವ್ವ ಸ್ಟೇಷನ್ನಿನ ಎದುರಿನ ಒಂದು ಪುಟ್ಟ ಅಂಗಡಿಯಲ್ಲಿ ಕೂತೆವು. ಶಾವಿಗೆಗಿಂತ ದಪ್ಪನೆಯ ಎಳೆಗಳನ್ನು ಬಿಸಿ ಸಾರಿನಲ್ಲಿ ಹಾಕಿ ಕೊಡುವ ಅಂಗಡಿ. ಒಬ್ಬಳೇ ಮುದುಕಿ, ತಲೆಗೆ ಬಿಳಿ ಬಟ್ಟೆ. ಚೀಟಿಯನ್ನು ಎರಡು ಸಲ ಓದಿದಳು. ಬೇರೆ ಪಾತ್ರೆ ತೆಗೆದು, ಅವ್ವನಿಗೆ ಕಾಣುವಂತೆಯೇ ತಿಕ್ಕಿ ತೊಳೆದಳು. ಅದನ್ನು ನೋಡಿ ಅವ್ವನ ಮನಸ್ಸು ಕರಗಿತು. ಆದರೂ ಅನುಮಾನ ಪೂರ್ತಿ ಹೋಗಿರಲಿಲ್ಲ. ಹೊರಗೆ ಹೊತ್ತು ಬೆಟ್ಟದ ನೆತ್ತಿಗೆ ತಾಗಿತ್ತು. ಈಗ ತಿನ್ನದಿದ್ದರೆ ಮತ್ತೆ ನಾಳೆಯೇ.

"ಪದ್ದಿ, ಒಳಗ ಹೋಗಿ ಏನೇನ್ ಹಾಕತಾಳ ನೋಡಿ ಬಾ. ನಿನ್ನ ಕಣ್ಣ ಅಂದ್ರ ನನ್ನ ಕಣ್ಣ."

ಹೋದೆ. ಮುದುಕಿ ಕಟ್ಟಿಗೆಯಂಥ ಒಂದು ತುಂಡನ್ನು ಬಡಿಗೇರನ ಉಜ್ಜುಗೊರಡಿನಂಥದ್ದರ ಮೇಲೆ ಉಜ್ಜುತ್ತಿದ್ದಳು. ತೆಳ್ಳನೆಯ, ನಸುಗೆಂಪು ಹೆರೆಗಳು ಬೀಳುತ್ತಿದ್ದವು. ಅವನ್ನು ಕುದಿಯುವ ನೀರಿಗೆ ಹಾಕಿ, ಸೋಸಿ, ಅದನ್ನೇ ಸಾರು ಮಾಡಿದಳು. ಏನಿದು ಎಂದು ಕೈಸನ್ನೆಯಲ್ಲಿ ಕೇಳಿದೆ. ಅವಳು ನಕ್ಕು, ಅಂಗೈಯನ್ನು ನೀರಿನಲ್ಲಿ ಈಜುವಂತೆ ಆಡಿಸಿದಳು. ನನಗೆ ತಿಳಿಯಲಿಲ್ಲವೆಂದುಕೊಂಡು, ಹಲಗೆಯ ಮೇಲಿನ ಹಿಟ್ಟಿನಲ್ಲಿ ಬೆರಳಿನಿಂದ ಬರೆದೂ ತೋರಿಸಿದಳು — ಒಂದು ಬಾಲ, ಒಂದು ಕಣ್ಣು. ಕಟ್ಟಿಗೆಯಂತೆ ಒಣಗಿಸಿದ ಮೀನು ಅದು. ಅವಳದೇನೂ ತಪ್ಪಿಲ್ಲ. ಚೀಟಿಯಲ್ಲಿ ಬೇಡವೆಂದದ್ದನ್ನೆಲ್ಲ ಎತ್ತಿಟ್ಟಿದ್ದಳು. ಬರೀ ಸಾರನ್ನು ಅವರು ಮೀನೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲವೆಂದು ತೋರುತ್ತದೆ. ಬಚ್ಚಿಡದೆ ಹೇಳಿದಳು ಕೂಡ. ಬಚ್ಚಿಟ್ಟವಳು ನಾನು.

ಹೊರಗೆ ಬಂದೆ. ಹಿಂದೆಯೇ ಎರಡು ಬಟ್ಟಲು ಬಂದವು.

"ಏನೈತಿ ಅದರಾಗ?"

"ಏನಿಲ್ಲವ್ವ. ಯಾವುದೋ ಗಿಡದ ತೊಗಟಿ ಹೆರದ ಹಾಕ್ಯಾಳ. ದಾಲ್ಚಿನ್ನಿ ಇದ್ದಂಗ."

ಅವ್ವ ಬಟ್ಟಲನ್ನು ಎರಡೂ ಕೈಯಲ್ಲಿ ಎತ್ತಿ ತುಟಿಗಿಟ್ಟಳು. ಕಣ್ಣು ಮುಚ್ಚಿದಳು. ಹಬೆಯೊಳಗೆ ಅವಳ ಮುಖ... ಇಲ್ಲ, ಅದನ್ನು ಬಣ್ಣಿಸಲು ನನ್ನಿಂದ ಆಗುವುದಿಲ್ಲ. ಮೂರು ದಿನದ ಹಸಿವೆ, ಮೂರು ದಿನದ ಚಳಿ ಎರಡೂ ಒಟ್ಟಿಗೆ ಇಳಿದ ಮುಖ ಅದು. ಹನಿಯೂ ಉಳಿಸಲಿಲ್ಲ.

ಇಷ್ಟನ್ನೇ ಹೇಳಿ ನಿಲ್ಲಿಸಿದ್ದರೆ ಕೇಳಿದವರು ನನ್ನನ್ನು ಕ್ಷಮಿಸಿಯಾರು. ಅವ್ವನ ಜೀವ ಉಳಿಸಿದೆ ಎಂದೂ ಅಂದಾರು. ಆದರೆ ನನ್ನ ಬಟ್ಟಲನ್ನು ನಾನು ಮುಟ್ಟಲಿಲ್ಲ. ಹೊಟ್ಟೆ ನೋಯುತ್ತಿದೆ ಎಂದು ಆಚೆ ಸರಿಸಿದೆ. ಅವಳ ವ್ರತ ಮುರಿದು, ನನ್ನ ಬಾಯಿಯನ್ನು ಕಾಯ್ದುಕೊಂಡೆ.

"ಇಷ್ಟ ಅಂತಃಕರಣಲೆ ಮಾಡಿಕೊಟ್ಟಾಳ, ಬಿಟ್ರ ಆ ಮುದುಕಿಗಿ ಬ್ಯಾಸರ ಆಗ್ತೈತಿ," ಎಂದು ಅವ್ವ ನನ್ನ ಬಟ್ಟಲನ್ನೂ ಹತ್ತಿರ ಎಳೆದುಕೊಂಡಳು. ಆಗಲಾದರೂ ಬಾಯಿ ಬಿಡಬಹುದಿತ್ತು. ನೋಡುತ್ತಾ ಕೂತೆ. ಹೊತ್ತು ಮುಳುಗುವುದರೊಳಗೆ ಅದೂ ಖಾಲಿಯಾಯಿತು. ಏಳುವ ಮುಂಚೆ ಅವ್ವ ಸೆರಗಿನ ಗಂಟು ಬಿಚ್ಚಿ, ಉಳಿದ ಒಣದ್ರಾಕ್ಷಿಯನ್ನೆಲ್ಲ ಮುದುಕಿಯ ಅಂಗೈಗೆ ಸುರಿದಳು.

ಮರುದಿನ ಹಿಮ ನೋಡಿದೆವು.

ಊರಿಗೆ ಬಂದ ಮೇಲೆ ಅವ್ವ ಬಾಗಿಲು ತೆರೆಯುವ ಟ್ಯಾಕ್ಸಿಯನ್ನು ಮರೆತಳು, ಜಿಂಕೆಗಳನ್ನೂ ಮರೆತಳು. ಆ ಸಾರನ್ನು ಮರೆಯಲಿಲ್ಲ. ನಿಪ್ಪಾಣಿಗೆ ಹೋದಾಗಲೆಲ್ಲ ಮಸಾಲೆ ಅಂಗಡಿಯವನಿಗೆ ಅದರ ಗುರುತು ಹೇಳುವಳು — ತೆಳ್ಳಗಿರ್ತೈತಿ, ನಸುಗೆಂಪು, ಗಾಳಿಗಿ ಹಾರ್ತೈತಿ. "ಇಂಥಾ ತೊಗಟಿ ನಾ ಹುಟ್ಟಿದಾಗಿಂದ ಕಂಡಿಲ್ರಿ ಅಕ್ಕಾರ," ಎನ್ನುವನು ಅವನು. ಚಿಕ್ಕೋಡಿಯಲ್ಲೂ ಕೇಳಿದಳು, ಅಥಣಿಯಲ್ಲೂ ಕೇಳಿದಳು. ದಾಲ್ಚಿನ್ನಿ ಕುದಿಸಿ ನೋಡಿದಳು, ಕಲ್ಲುಹೂವು ಹಾಕಿ ನೋಡಿದಳು. ಪ್ರತಿ ಚಳಿಗಾಲ ಒಂದು ಬಟ್ಟಲು ನನ್ನ ಮುಂದಿಟ್ಟು, "ಆ ರುಚಿ ಬರವಲ್ದು, ಅಲ್ಲ ಪದ್ದಿ?" ಎಂದು ಕೇಳುವಳು. ಹೌದವ್ವ, ಬರವಲ್ದು ಎನ್ನುತ್ತಿದ್ದೆ. ನಾನು ಆ ರುಚಿಯನ್ನು ನೋಡಿಯೇ ಇರಲಿಲ್ಲ.

ತೊಂಬತ್ತರ ದಶಕದಲ್ಲಿ ಮದುವೆಯಾಗಿ ರಾಯಬಾಗಕ್ಕೆ ಬಂದೆ. ಅವ್ವನಿಗೆ ಕಾಯಿಲೆ ಶುರುವಾದದ್ದೂ ಆಗಲೇ. ಒಂದು ಮಳೆಗಾಲ ತವರೂರ ಬಸದಿಯಲ್ಲಿ ಮುನಿಗಳ ಮುಂದೆ ಹೆಂಗಸರೆಲ್ಲ ತಮಗೆ ಪ್ರಿಯವಾದ ಒಂದೊಂದು ಪದಾರ್ಥ ಬಿಡುವ ನೇಮ ಹಿಡಿದರು. ಒಬ್ಬಳು ಬೆಲ್ಲ, ಒಬ್ಬಳು ತುಪ್ಪ. ಅವ್ವನ ಸರದಿ ಬಂತು.

"ಜಪಾನದಾಗ ಕುಡದಿದ್ದ ತೊಗಟಿ ಸಾರು ಬಿಟ್ಟೇನ್ರಿ ಮಹಾರಾಜರ."

ಹೆಂಗಸರು ಮುಸಿಮುಸಿ ನಕ್ಕರು. ಸಿಗದೇ ಇರುವುದನ್ನು ಬಿಡುವುದೇನು ಬಂತು. ಮುನಿಗಳು ನಗಲಿಲ್ಲ, ಆಸೆ ಇದೆಯಲ್ಲ, ಅದನ್ನು ಬಿಟ್ಟರೂ ಆಯಿತು ಎಂದರು. ನಾನು ಅವ್ವನ ಬೆನ್ನ ಹಿಂದೆಯೇ ಕೂತಿದ್ದೆ. ಇದ್ದ ಒಂದೇ ಒಂದು ಆಸೆಯನ್ನು, ಶುದ್ಧವಾದದ್ದೆಂದು ನಂಬಿ, ಕೈಮುಗಿದು ಅವಳು ಬಿಟ್ಟುಕೊಡುವುದನ್ನು ನೋಡಿದೆ.

ಆ ವರ್ಷದ ಕ್ಷಮಾವಾಣಿಗೂ ತವರಿಗೆ ಹೋಗಿದ್ದೆ. ಭಾದ್ರಪದದ ನಮ್ಮ ಪರ್ವ ಮುಗಿದ ಮೇಲೆ ದೊಡ್ಡವರು ಚಿಕ್ಕವರೆನ್ನದೆ ಒಬ್ಬರ ಕ್ಷಮೆ ಒಬ್ಬರು ಕೇಳುವ ದಿನ ಅದು. ಅವ್ವ ಹಾಸಿಗೆಯಿಂದ ಎದ್ದು ಕೂತು ನನಗೆ ಕೈಮುಗಿದಳು. "ಗೊತ್ತಿದ್ದೋ ಗೊತ್ತಿಲ್ದನೋ ನನ್ನಿಂದ ತಪ್ಪಾಗಿದ್ರ ಕ್ಷಮಾ ಮಾಡವಾ." ನಾನೂ ಅದನ್ನೇ ಹೇಳಿದೆ, ತಲೆ ಬಗ್ಗಿಸಿ. ಅವಳು ನನ್ನ ಗದ್ದ ಹಿಡಿದೆತ್ತಿದಳು. ಪ್ರತಿ ವರ್ಷವೂ ಕೇಳುತ್ತಿದ್ದ ಮಾತನ್ನೇ ಕೇಳಿದಳು — ಈ ಸಲ ಮಾತ್ರ ಉತ್ತರಕ್ಕೆ ಸ್ವಲ್ಪ ಹೆಚ್ಚು ಹೊತ್ತು ಕಾದಳು.

"ಏನರ ಹೇಳೂದೈತೇನು, ಪದ್ದಿ?"

"ಏನಿಲ್ಲವ್ವ."

ಆಗ ನಾನು ಒಂಬತ್ತು ವರ್ಷದವಳಾಗಿರಲಿಲ್ಲ. ಮರುದಿನ ನೋಡಬೇಕಾದ ಹಿಮವೂ ಇರಲಿಲ್ಲ, ಮುಳುಗುವ ಹೊತ್ತೂ ಇರಲಿಲ್ಲ. ಆ ಚಳಿಗಾಲ ದಾಟುವುದರೊಳಗೆ ಅವ್ವ ಹೋದಳು.

ಹಿಮ ಹೇಗಿತ್ತೆಂದು ಈಗ ನೆನಪಿಲ್ಲ. ನೆನಪಿರುವುದು ಹಬೆಯೊಳಗಿನ ಆ ಮುಖ ಒಂದೇ. ಅದನ್ನು ಮತ್ತೊಮ್ಮೆ ನೋಡಬೇಕೆಂದು ಜೀವ ಹಂಬಲಿಸುತ್ತದೆ — ನನ್ನ ಸುಳ್ಳಿನಿಂದಲೇ ಬಂದ ಮುಖ ಅದು ಎಂದು ಗೊತ್ತಿದ್ದೂ. ಪ್ರತಿ ಕ್ಷಮಾವಾಣಿಗೆ ಊರವರೆಲ್ಲರ ಮುಂದೆ ಕೈಮುಗಿದು ನಿಲ್ಲುತ್ತೇನೆ. ಎಲ್ಲರೂ ಕ್ಷಮಿಸುತ್ತಾರೆ, ಏನನ್ನು ಎಂದು ಯಾರೂ ಕೇಳುವುದಿಲ್ಲ. ಹೇಳುವುದಿದೆಯೇನು ಎಂದು ಒಬ್ಬರಾದರೂ ಗದ್ದ ಹಿಡಿದೆತ್ತಿ ಕೇಳಲಿ ಎಂದು ಕಾಯುತ್ತೇನೆ. ಹಾಗೆ ಕೇಳುತ್ತಿದ್ದವಳು ಅವ್ವ ಒಬ್ಬಳೇ.